ಗೋಡೆಚಿತ್ರದ ಮುಂದೆ ಹಾದುಹೋಗೋರು: ಫೋಟೋ ಯಾಕೋ ಕೂತ್ಕೊಳ್ತಾ ಇಲ್ಲ

ಬಾಲ್ಕನಿಬೆಕ್ಕು:
ಗೋಡೆ ತುಂಬ ಒಂದು ಮೀನು, ಬಾಯಿ ತೆರೆದುಕೊಂಡಿದೆ. ನಡೆದು ಹೋಗೋರು ಸೀದಾ ಆ ಬಾಯೊಳಗೆ ಹೊರಟ ಹಾಗೆ ಕಾಣ್ಬೇಕು ಅಂತ ಆಸೆ. ಬರ್ತಿರೋದು ಮಾತ್ರ ಗೋಡೆಯ ಫೋಟೋಗೆ ಯಾರೋ ಅಡ್ಡ ಬಂದಂಗೆ. ಕ್ಯಾಮೆರಾ ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರೋದು), ಲೆನ್ಸ್ 35 ಎಂಎಂ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/2. ಮುಖ ಶಾರ್ಪ್ ಆದ್ರೆ ಮೀನು ಮಸುಕು. ಏನ್ಮಾಡ್ಲಿ?

ನೆರಳುಗಳ್ಳ:
ಎಫ್/2 ಬಿಡಿ ಮೊದಲು. ಇಲ್ಲಿ ಮೀನೂ ಪಾತ್ರಧಾರಿ, ಅದನ್ನ ಮಸುಕು ಮಾಡಿದ್ರೆ ಕಥೆಯೇ ಹೋಯ್ತು. ಕಿಂಡಿ ಚಿಕ್ಕದಾಗೋ ಹಾಗೆ ಎಫ್/8 ಇಟ್ಟು, ಮ್ಯಾನುಯಲ್ ಫೋಕಸ್‌ನ 3 ಮೀಟರಿಗೆ ನಿಲ್ಲಿಸಿ. ಸುಮಾರು 2ರಿಂದ 7 ಮೀಟರ್ ತನಕ ಎಲ್ಲ ಸ್ಪಷ್ಟವಾಗಿ ಬರುತ್ತೆ. ಶಟರ್ 1/500 ಸೆಕೆಂಡ್, ಐಎಸ್ಒ (ಬೆಳಕಿನ ಸೂಕ್ಷ್ಮತೆ) ಆಟೋ. ಇಷ್ಟಾದ್ಮೇಲೆ ಮುಖ ನೋಡ್ಬೇಡಿ, ಕಾಲು ನೋಡಿ. ಹೆಜ್ಜೆ ಪೂರ್ತಿ ಅಗಲ ಆದಾಗ ಒತ್ತಿದ್ರೆ ನಡಿಗೆ. ಕಾಲು ಕೂಡಿದಾಗ ಒತ್ತಿದ್ರೆ ಕಂಬ ನೆಟ್ಟಂಗೆ.

ಮೀನಿನ ಬಾಯೊಳಗೆ ಕಪ್ಪು ಬಣ್ಣ ಇದ್ಯಾ? ಹಾಗಿದ್ರೆ ಕಪ್ಪು ಕೂದಲಿನ ತಲೆ ಅಲ್ಲೇ ಕರಗಿಹೋಗುತ್ತೆ. ಬಿಳಿ ಟೋಪಿಯೋ ಹಳದಿ ಕೊಡೆಯೋ ಬರೋ ತನಕ ಕಾಯಿರಿ. ಜನರ ಹಿಂದೆ ಓಡೋದಲ್ಲ, ಫ್ರೇಮ್ ಕಟ್ಟಿ ನಿಲ್ಲೋದು. 1932ರಲ್ಲಿ ಫ್ರಾನ್ಸಿನ ಇಯೇರ್‌ನಲ್ಲಿ ಫೋಟೋಗ್ರಾಫರ್ ಕಾರ್ತಿಯೇ-ಬ್ರೆಸೋನ್ ತೆಗೆದ ಸೈಕಲ್ ಸವಾರನ ಚಿತ್ರ ಹುಡುಕಿ ನೋಡಿ. ಸುತ್ತುಮೆಟ್ಟಿಲು, ಕಂಬಿ, ರಸ್ತೆಯ ತಿರುವು ಎಲ್ಲ ಸಿದ್ಧವಾಗಿ ಕೂತಿವೆ, ಸೈಕಲ್ ಮಾತ್ರ ಜಾರಿಹೋಗ್ತಿದೆ.

ಮಬ್ಬುಬೆಳಕು:
ಆ ಸೈಕಲ್ ಮಸುಕಾಗೇ ಇದೆ ಅಲ್ವಾ! 1/500 ಒಂದನ್ನೇ ಹಿಡ್ಕೊಂಡು ಕೂರಬೇಡಿ. 1/15ರಲ್ಲಿ ಕ್ಯಾಮೆರಾ ಅಲುಗದ ಹಾಗೆ ಇಟ್ಟು ತೆಗೀರಿ: ಮೀನು ಗಟ್ಟಿ, ಮನುಷ್ಯ ಕರಗ್ತಾನೆ. ನುಂಗಿದ ಹಾಗೇ ಇರುತ್ತೆ. ಮುಖ ಗುರುತೂ ಸಿಗಲ್ಲ, ಅದೂ ಒಳ್ಳೇದೇ.

ಬಾಲ್ಕನಿಬೆಕ್ಕು:
ಇನ್ನೊಂದು ಕಷ್ಟ. ಕ್ಯಾಮೆರಾ ಕಂಡ ತಕ್ಷಣ ಜನ ನಿಂತುಬಿಡ್ತಾರೆ, ಇಲ್ಲಾ ಬಗ್ಗಿಕೊಂಡು ಓಡ್ತಾರೆ. ಪಾಪ, ನನಗೆ ಅಡ್ಡ ಬರಬಾರದು ಅಂತ!

ನೆರಳುಗಳ್ಳ:
ಹ್ಹ, ಮರ್ಯಾದಸ್ಥರ ಕಾಟ. ಅವರು ಕಾಣಿಸೋ ಮುಂಚೆಯೇ ಕ್ಯಾಮೆರಾ ಕಣ್ಣಿಗೆ ಇಟ್ಟಿರಿ, ಅವರು ಹೋದ ಮೇಲೂ ಇಳಿಸಬೇಡಿ. ಗೋಡೆ ತೆಗೀತಿದಾರೆ ಅಂದ್ಕೊಂಡು ಸುಮ್ನೆ ಹೋಗ್ತಾರೆ. ನಿಂತೇಬಿಟ್ರೆ ಕೈ ತೋರಿಸಿ ಹೋಗಿ ಅನ್ನಿ. ಒಂದು ಮಾತ್ರ ನೋಡ್ಕೊಳ್ಳಿ: ಮೀನಿನ ಬಾಯಿಗೆ ದಪ್ಪಗಿರೋರನ್ನೋ ಕೋಲೂರಿಕೊಂಡು ಹೋಗೋರನ್ನೋ ಇಟ್ಟು ನಗಿಸೋದು ಸುಲಭ. ಆ ಫೋಟೋನ ಅವರಿಗೇ ತೋರಿಸೋಕೆ ಕೈ ಹಿಂಜರಿದ್ರೆ ಡಿಲೀಟ್ ಮಾಡಿ. ಮಕ್ಕಳು ಸಿಕ್ಕಿದ್ರಂತೂ ಜೊತೆಲಿರೋ ದೊಡ್ಡವರನ್ನ ಕೇಳಿ.