ಮಂಡಿ ಕೀಲು ಬದಲಾವಣೆ: ಎಷ್ಟು ಸುಧಾರಿಸ್ತಾರೆ ಅಂತ ಮೊದಲೇ ಹೇಳೋದು ಹೇಗೆ?

ಫಿಸಿಯೋ_ಹಾಸನ:
ರೋಗಿಗೆ 66 ವರ್ಷ. ಎರಡೂ ಮಂಡಿ ಸವೆದಿವೆ, ಎಕ್ಸ್-ರೇಯಲ್ಲಿ ಗ್ರೇಡ್ 4 (ಅತಿ ಹೆಚ್ಚು ಸವೆತ). ಬಲಗಾಲು 95 ಡಿಗ್ರಿ ಮಡಚುತ್ತೆ, ಪೂರ್ತಿ ನೇರವಾಗೋಕೆ 15 ಡಿಗ್ರಿ ಬಾಕಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) 8.4. ಬಲಗಡೆ ಆಪರೇಷನ್. ನೆಲದ ಮೇಲೆ ಕೂತು ಪೂಜೆ ಮಾಡಬಹುದಾ ಅಂತ ಕೇಳ್ತಿದ್ದಾರೆ. ಈಗಲೇ ಏನೇನು ಅಳೆದಿಟ್ಟುಕೊಳ್ಳಬೇಕು?

ಮೂಳೆ_ಮಾತು:
ನೋವು ಬೇರೆ, ಮಡಚೋದು ಬೇರೆ. ನೋವಿನ ಮಟ್ಟಿಗೆ ಗ್ರೇಡ್ 4 ಒಳ್ಳೆಯ ಸೂಚನೆಯೇ. ಸವೆತ ಅಷ್ಟಕ್ಕಷ್ಟೆ, ನೋವು ಮಾತ್ರ ವಿಪರೀತ ಅನ್ನೋರೇ ಆಮೇಲೆ ಹೆಚ್ಚಾಗಿ ಅಸಮಾಧಾನ ಪಡೋದು. ಆಮೇಲೆ ಎಷ್ಟು ಮಡಚುತ್ತೆ ಅನ್ನೋದಕ್ಕೆ ಈಗಿನ ಗೋನಿಯೋಮೀಟರ್ (ಕೀಲಿನ ಕೋನ ಅಳೆಯೋ ಸಾಧನ) ಅಳತೆ ನಂಬಿ. ಬಿಗಿಯಾಗಿದ್ದ ಮಂಡಿ ಸ್ವಲ್ಪ ಗಳಿಸುತ್ತೆ, ಚೆನ್ನಾಗಿ ಮಡಚುತ್ತಿದ್ದದ್ದು ಸ್ವಲ್ಪ ಕಳಕೊಳ್ಳುತ್ತೆ. ಇವರಿಗೆ 110ರ ಆಸುಪಾಸು ಸಿಕ್ಕರೆ ಸಂತೋಷ. ಮೆಟ್ಟಿಲಿಗೆ, ಕುರ್ಚಿಗೆ ಅಷ್ಟು ಸಾಕು, ಚಕ್ಕಳಮಕ್ಕಳಕ್ಕೆ ಸಾಲದು. ಪೂಜೆಗೆ ಕುರ್ಚಿ ಅಂತ ಈಗಲೇ ಹೇಳಿಬಿಡಿ.

ಆ 15 ಡಿಗ್ರಿಯನ್ನು ಸರ್ಜನ್ ಟೇಬಲ್ ಮೇಲೇ ಸರಿಮಾಡಬೇಕು. ಆದರೆ ಮನೆಯಲ್ಲಿ ಹಿತವಾಗಿದೆ ಅಂತ ಮಂಡಿ ಕೆಳಗೆ ದಿಂಬಿಟ್ಟು ಮಲಗಿದರೆ ಮತ್ತೆ ಬಾಗಿ ಕೂರುತ್ತೆ. ಸುತ್ತಿದ ಟವೆಲ್ ಹಿಮ್ಮಡಿ ಕೆಳಗಿರಲಿ.

ಕೀಲೆಣ್ಣೆ:
ತೊಡೆ ಮುಂಭಾಗದ ಸ್ನಾಯುವಿನ ಮಾತೇ ಬಿಟ್ಟುಹೋಯ್ತು. ಆಪರೇಷನ್ ಆದ ಮೊದಲ ತಿಂಗಳಲ್ಲೇ ಅದರ ಬಲ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ. ಮೊದಲೇ ಸೊರಗಿದ್ದವರು ವರ್ಷವಾದರೂ ಮೆಟ್ಟಿಲಿಗೆ ತಿಣುಕ್ತಾರೆ. ಕೈಯಲ್ಲಿ ಒತ್ತಿ ನೋಡಿ ಬಲ '5ಕ್ಕೆ 5' ಅಂತ ಬರೆದರೆ ಏನೂ ಗೊತ್ತಾಗೋಲ್ಲ. 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿ, ಕೈ ಎದೆಗೆ ಕಟ್ಟಿಸಿ, 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ತಾರೆ ಎಣಿಸಿ. ಕೈ ಊರಿದರೆ ಸೊನ್ನೆ. ಎಡಮಂಡಿಯನ್ನೂ ಅಳೆಯಿರಿ. ಎಷ್ಟೋ ಸಲ ನಡಿಗೆ ಸುಧಾರಿಸದೆ ಇರೋಕೆ ಆ ಇನ್ನೊಂದು ಕಾಲೇ ಕಾರಣ, ಬೈಗುಳ ಮಾತ್ರ ಆಪರೇಷನ್ನಿಗೆ.

ದಾವಣಗೆರೆ_ಡಾ:
8.4ಕ್ಕೆ ಅವಸರ ಬೇಡ. ಬಹಳಷ್ಟು ಸರ್ಜನ್‌ಗಳು 7.5–8ರ ಒಳಗೆ ಬರಲಿ ಅಂತಾರೆ, ಸೋಂಕಿನ ಭಯ. ಸೊಂಟದ ಕೀಲು, ಬೆನ್ನು ಎರಡನ್ನೂ ಪರೀಕ್ಷಿಸಿ. ಅಲ್ಲಿಂದ ಮಂಡಿಗೆ ಇಳಿಯೋ ನೋವು ಕೀಲು ಬದಲಿಸಿದರೂ ಹೋಗಲ್ಲ. ಆಕ್ಸ್‌ಫರ್ಡ್ ಸ್ಕೋರ್ (ಮಂಡಿ ನೋವು, ಓಡಾಟದ ಬಗ್ಗೆ ರೋಗಿಯೇ ಉತ್ತರಿಸೋ 12 ಪ್ರಶ್ನೆ, 48 ಅಂಕ) ಈಗಲೇ ಬರೆದಿಡಿ, ಆಮೇಲೆ ಹೋಲಿಸೋಕೆ. ಖಿನ್ನತೆ, 'ಈ ನೋವು ನನ್ನ ಮುಗಿಸೇಬಿಡುತ್ತೆ' ಅನ್ನೋ ಭಯ ಇದ್ದರೆ ಅದನ್ನೂ ಗುರುತು ಹಾಕಿ. ಸುಮಾರು ಐವರಲ್ಲಿ ಒಬ್ಬರು ತೃಪ್ತಿಯಾಗಲಿಲ್ಲ ಅನ್ನೋದರ ಹಿಂದೆ ಇದೂ ಇರುತ್ತೆ.

ಫಿಸಿಯೋ_ಹಾಸನ:
ಆಪರೇಷನ್ ಆದಮೇಲೆ ಮಡಚೋದು ಹೆಚ್ಚದೆ ನಿಂತುಹೋದರೆ ಎಷ್ಟು ದಿನ ಕಾಯೋದು?

ಮೂಳೆ_ಮಾತು:
6 ವಾರಕ್ಕೆ 90 ದಾಟದಿದ್ದರೆ ಸರ್ಜನ್‌ಗೆ ತೋರಿಸಿ. ಅರಿವಳಿಕೆ ಕೊಟ್ಟು ಮಡಚೋದಾದರೆ 12 ವಾರದೊಳಗೇ ಆಗಬೇಕು. ಆಮೇಲೆ ಒಳಗಿನ ಅಂಟು ಗಟ್ಟಿಯಾಗಿಬಿಡುತ್ತೆ.