ವರ್ಗದ ಹುಡುಗನನ್ನು ಅಣಕಿಸುವ ಮಗನಿಗೆ ಕರುಣೆಯನ್ನು ಕಲಿಸುವುದು ಹೇಗೆ?

ಹುಬ್ಬಳ್ಳಿಯ ತಾಯಿ:

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯ ವಿದ್ಯಾನಗರದವರು. ನನ್ನ ಮಗ ಮೂರನೇ ಇಯತ್ತೆಯಲ್ಲಿದ್ದಾನೆ. ಮನೆಯಲ್ಲಿ ಅವನದು ಬಹಳ ಮೆತ್ತಗಿನ ಸ್ವಭಾವ. ತಂಗಿಗೆ ಜ್ವರ ಬಂದರೆ ಗಳಿಗೆಗೊಮ್ಮೆ ಹೋಗಿ ಹಣೆ ಮುಟ್ಟಿ ನೋಡುತ್ತಾನೆ, ಓಣಿಯ ನಾಯಿಮರಿಗಳಿಗೆ ರೊಟ್ಟಿಯ ಚೂರು ಹಾಕದೆ ಶಾಲೆಗೆ ಹೊರಡುವುದಿಲ್ಲ. ಇಂಥ ಹುಡುಗ ತನ್ನ ವರ್ಗದಲ್ಲಿ ಉಗ್ಗಿ ಮಾತನಾಡುವ ಹುಡುಗನೊಬ್ಬನನ್ನು ಅಣಕಿಸಿದನೆಂದು ಶಿಕ್ಷಕಿಯವರು ಕರೆಸಿ ಹೇಳಿದಾಗ ನನಗೆ ನಂಬಲಾಗಲಿಲ್ಲ. ಆ ಹುಡುಗ ಪಾಠ ಓದಲು ಎದ್ದು ನಿಂತು "ಕಾಗೆ" ಎಂಬ ಮೊದಲ ಶಬ್ದದಲ್ಲೇ ತಡೆದಾಗ ನನ್ನ ಮಗ ಹಿಂದಿನಿಂದ "ಕಾ ಕಾ ಕಾ" ಎಂದನಂತೆ, ಇಡೀ ವರ್ಗ ನಕ್ಕಿತಂತೆ. ಮರುದಿನ ಆ ಮಗು ಶಾಲೆಗೆ ಬರಲಿಲ್ಲ.

ಮನೆಯಲ್ಲಿ ಕೇಳಿದರೆ, "ಎಲ್ಲಾರೂ ನಕ್ರು ಮಮ್ಮಿ, ಅವನೂ ನಕ್ಕ" ಎಂದು ಹೇಳಿ ಸುಮ್ಮನಾದ. ಅದರಾಚೆಗೆ ಏನೂ ಆಗಿಲ್ಲವೆಂದೇ ಅವನು ತಿಳಿದಂತಿದೆ.

ಅಣಕಿಸಿದರೆ ನಿನಗೂ ಉಗ್ಗು ಬರುತ್ತದೆ ಎಂದು ನಮ್ಮ ಅತ್ತೆಯವರು ಅವನನ್ನು ಹೆದರಿಸಿದ್ದಾರೆ. ವರ್ಗದ ಎಲ್ಲರ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಬೇಕೆಂಬುದು ನಮ್ಮ ಮನೆಯವರ ಅಭಿಪ್ರಾಯ. ಒಂದೊಂದು ಒಳ್ಳೆಯ ಕೆಲಸಕ್ಕೆ ಹತ್ತು ರೂಪಾಯಿ ಕೊಡುತ್ತ ಹೋದರೆ ತಾನೇ ರೂಢಿಯಾಗುತ್ತದೆ ಎಂದು ಮೈದುನ ಹೇಳುತ್ತಾರೆ. ನನಗೆ ಬೇಕಾಗಿರುವುದು ಇಷ್ಟೇ: ಸುತ್ತಲಿನವರೆಲ್ಲ ನಗುತ್ತಿರುವಾಗಲೂ ನನ್ನ ಮಗ ಆ ಹುಡುಗನ ಮುಖ ನೋಡುವಂತಾಗಬೇಕು. ತಿಳಿದವರು ದಯವಿಟ್ಟು ದಾರಿ ತೋರಿಸಿ.

ನಿವೃತ್ತ ಶಿಕ್ಷಕ, ಗದಗ:

ತಂಗೀ, ನಿಮ್ಮ ಮಗನಲ್ಲಿ ಕರುಣೆ ಇಲ್ಲವೆಂದು ಮೊದಲೇ ತೀರ್ಮಾನಿಸಬೇಡಿ. ತಂಗಿಯ ಹಣೆ ಮುಟ್ಟಿ ನೋಡುವ ಹುಡುಗನಲ್ಲಿ ಅದು ಇದ್ದೇ ಇದೆ. ತನ್ನವರೆಂದು ಅವನು ಎಣಿಸಿಕೊಂಡವರ ಬಳಗದೊಳಗೆ ವರ್ಗದ ಆ ಹುಡುಗ ಇನ್ನೂ ಬಂದಿಲ್ಲ, ಮತ್ತು ಗೆಳೆಯರು ನಕ್ಕರೆ ಸಿಗುವ ಮರ್ಯಾದೆ ಎಂಟು ವರ್ಷದ ಹುಡುಗನಿಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಪ್ರಾಥಮಿಕ ಶಾಲೆಯಲ್ಲಿ ನೌಕರಿಯ ಆಯುಷ್ಯವನ್ನೆಲ್ಲ ಕಳೆದವನಾಗಿ ಹೇಳುತ್ತೇನೆ, ಅಣಕಿಸುವ ಮಕ್ಕಳಲ್ಲಿ ನಿಜವಾಗಿ ಕ್ರೂರ ಮನಸ್ಸಿನವರು ತೀರ ಕಡಿಮೆ. ನಗೆಯ ಆಸೆಗೆ ಬಿದ್ದವರೇ ಹೆಚ್ಚು.

ಅವನೊಡನೆ ಮಾತನಾಡುವಾಗ ಎದುರಿಗೆ ಕೂಡಿಸಿಕೊಂಡು ವಿಚಾರಣೆ ಮಾಡಬೇಡಿ. ಮೆಂತೆ ಪಲ್ಲೆ ಸೋಸುವಾಗಲೋ ಶೇಂಗಾ ಸುಲಿಯುವಾಗಲೋ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಕೈಗೆ ಕೆಲಸವಿದ್ದು ಕಣ್ಣಿಗೆ ಕಣ್ಣು ಸೇರಿಸಬೇಕಾದ ಒತ್ತಾಯವಿಲ್ಲದಿದ್ದಾಗ ಮಕ್ಕಳು ಬಾಯಿ ಬಿಡುತ್ತಾರೆ. "ನೀನು ಯಾಕ ಹಂಗ ಮಾಡಿದಿ?" ಎಂದು ಕೇಳಿದರೆ ಅವನಲ್ಲಿ ಉತ್ತರವಿರುವುದಿಲ್ಲ. ಬದಲಾಗಿ ಆ ಹುಡುಗನ ವಿಷಯವನ್ನೇ ಕೇಳಿ. ನಗೆ ನಿಂತ ಮೇಲೆ ಅವನು ಮುಂದೆ ಓದಿದನೇ, ಕುಳಿತುಬಿಟ್ಟನೇ? ಆಗ ಎತ್ತ ನೋಡುತ್ತಿದ್ದ? ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಯಾರ ಹತ್ತಿರ ಕುಳಿತಿದ್ದ? ಇನ್ನೊಬ್ಬರ ಮನಸ್ಸಿನಲ್ಲಿ ತನ್ನದಕ್ಕಿಂತ ಬೇರೆ ಸಂಗತಿ ಇರಬಹುದೆಂಬ ತಿಳಿವು ಮಕ್ಕಳಿಗೆ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೇ ಬರುತ್ತದೆ. ನಿಮ್ಮ ಮಗನಿಗೆ ಅದು ತಿಳಿಯದೆಂದಲ್ಲ, ಅತ್ತ ಗಮನ ಕೊಡಿಸಿದವರಿಲ್ಲ, ಅಷ್ಟೇ.

ಇನ್ನೊಂದು ಮಾತು. ಇಂಥ ಸಂದರ್ಭದಲ್ಲಿ ಮಗುವನ್ನು ಅಂಧ ಮಕ್ಕಳಿಗೆ ಸಂಗೀತ ಕಲಿಸುವ ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಖಂಡಿತ ಹೋಗಿ, ಆದರೆ ಬಾಳೆಹಣ್ಣು ಹಂಚಿ "ನೋಡು, ಪಾಪ, ಇವರಿಗೆ ಕಣ್ಣಿಲ್ಲ" ಎಂದು ತೋರಿಸುವುದಕ್ಕಾಗಿ ಹೋಗಬೇಡಿ, ಕೇಳುವುದಕ್ಕಾಗಿ ಹೋಗಿ. ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ, ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಆ ಆಶ್ರಮದಲ್ಲಿ ಅವರು ಅಂಧ ಮಕ್ಕಳನ್ನೂ ಬಡವರ ಮಕ್ಕಳನ್ನೂ ಕೂಡಿಸಿ ಸಂಗೀತ ವಿದ್ಯೆ ಕೊಟ್ಟು, ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಮಾಡಿದರು. ಪುಟ್ಟರಾಜರಿಗೆ ಪದ್ಮಭೂಷಣ ಬಂದ 2010ರಲ್ಲೇ ಅವರು ಲಿಂಗೈಕ್ಯರಾದರು. ನಾನು ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ, ನಮ್ಮ ಹುಡುಗರಿಗಿಂತ ಚಿಕ್ಕವನೊಬ್ಬ ಪುಟ್ಟ ಸುತ್ತಿಗೆಯಿಂದ ತಬಲಾದ ಅಂಚನ್ನು ಸುತ್ತಲೂ ಬಡಿಯುತ್ತ, ಒಂದೊಂದು ಪೆಟ್ಟಿಗೂ ಕಿವಿಯನ್ನು ಬಾಗಿಸುತ್ತ ಶ್ರುತಿ ಕೂಡಿಸುತ್ತಿದ್ದ. ನಮ್ಮ ಹುಡುಗರಿಗೆ ಎರಡು ಪೆಟ್ಟುಗಳ ನಡುವಿನ ವ್ಯತ್ಯಾಸವೇ ಕೇಳಿಸಲಿಲ್ಲ. ನಮಗೂ ಹೇಳಿಕೊಡು ಎಂದು ಅವನ ಸುತ್ತ ಮುತ್ತಿದರು. ಅಯ್ಯೋ ಪಾಪ ಎನ್ನುವುದನ್ನು ಕಲಿತ ಮಗು ನಾಳೆ ಗೆಳೆಯರ ನಡುವೆ ಅದನ್ನು ಮರೆಯಬಹುದು. ಎದುರಿಗಿರುವವನಿಂದ ತಾನು ಕಲಿಯಬಹುದಾದದ್ದು ಇದೆ ಎಂದು ಕಂಡುಕೊಂಡ ಮಗು ಅಷ್ಟು ಬೇಗ ಮರೆಯುವುದಿಲ್ಲ.

ರಾಣೆಬೆನ್ನೂರಿನ ಓದುಗ:

ಗುರುಗಳ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದು. ಆದರೆ ಇಷ್ಟು ಮೃದುವಾಗಿ ನಡೆದುಕೊಂಡರೆ ಮಕ್ಕಳಿಗೆ ತಪ್ಪಿನ ಭಾರ ಗೊತ್ತಾಗುವುದಿಲ್ಲ ಎಂಬುದು ಮೂರು ಮಕ್ಕಳ ತಂದೆಯಾದ ನನ್ನ ಅಭಿಪ್ರಾಯ. ಅವಮಾನ ನಡೆದದ್ದು ನಲವತ್ತು ಮಕ್ಕಳ ಮುಂದೆ. ಹಾಗಿರುವಾಗ ಕ್ಷಮೆಯನ್ನು ಮನೆಯ ಮೂಲೆಯಲ್ಲಿ ಕೇಳಿದರೆ ನ್ಯಾಯವಾಗುತ್ತದೆಯೇ? ನೊಂದ ಮಗುವಿಗೂ ತನ್ನ ಪರವಾಗಿ ಹಿರಿಯರು ನಿಂತಿದ್ದಾರೆಂದು ಕಾಣಬೇಕಲ್ಲವೇ?

ಧಾರವಾಡದ ತಂದೆ:

ಅಕ್ಕಾವರೇ, ನನ್ನ ಮಗಳು ಉಗ್ಗುತ್ತಾಳೆ. ಈಗ ಅವಳಿಗೆ ಹತ್ತು ವರ್ಷ. ಆದ್ದರಿಂದ ಆ ಹುಡುಗನ ಮನೆಯ ಕಡೆಯಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಿ.

"ಅವನೂ ನಕ್ಕ" ಎಂದು ನಿಮ್ಮ ಮಗ ಹೇಳಿದ್ದು ಸುಳ್ಳಿರಲಾರದು. ನನ್ನ ಮಗಳೂ ನಗುತ್ತಾಳೆ. ಎಲ್ಲರೂ ನಗುವಾಗ ತಾನೊಬ್ಬಳೇ ಅತ್ತರೆ ಇನ್ನೂ ನಗುತ್ತಾರೆಂದು ಅವಳಿಗೆ ಗೊತ್ತು. ಆ ನಗು ಮನೆಯ ಬಾಗಿಲು ದಾಟುವವರೆಗೆ ಮಾತ್ರ ಇರುತ್ತದೆ. ಇದನ್ನು ನಿಮ್ಮ ಮಗನಿಗೆ ದಯವಿಟ್ಟು ಹೇಳಿ, ಏಕೆಂದರೆ ಅವನು ಆ ನಗುವನ್ನು ನಿಜವೆಂದೇ ನಂಬಿರಬಹುದು.

ಉಗ್ಗಿನ ಬಗ್ಗೆ ಕೆಲವು ಸಂಗತಿಗಳು ಮನೆಯಲ್ಲಿ ಎಲ್ಲರಿಗೂ ತಿಳಿದಿರಬೇಕು. ಅಣಕಿಸಿದರೆ ಉಗ್ಗು ಬರುತ್ತದೆ ಎಂಬುದು ನಿಜವಲ್ಲ. ಅಜ್ಜಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಆ ಮಾತು ಕೇಳಿದ ಮಕ್ಕಳು ಉಗ್ಗುವ ಮಗುವಿನ ಪಕ್ಕದಲ್ಲಿ ಕೂಡುವುದಕ್ಕೂ ಅಂಜುತ್ತಾರೆ. ಉಗ್ಗು ಅಂಟುರೋಗವಲ್ಲ, ಹೆದರಿಕೆಯಿಂದ ಹುಟ್ಟುವುದೂ ಅಲ್ಲ, ಬುದ್ಧಿ ಕಡಿಮೆ ಇರುವುದರ ಗುರುತೂ ಅಲ್ಲ. ಮಾತನ್ನು ಹೊರಡಿಸುವ ಮಿದುಳಿನ ಕೆಲಸದಲ್ಲಿರುವ ವ್ಯತ್ಯಾಸ ಅದು, ಬಹಳಷ್ಟು ಮನೆಗಳಲ್ಲಿ ವಂಶದಲ್ಲೇ ಬಂದಿರುತ್ತದೆ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ನೂರರಲ್ಲಿ ಸುಮಾರು ಐದು ಮಕ್ಕಳು ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ತಾನಾಗಿ ಅಥವಾ ಚಿಕಿತ್ಸೆಯಿಂದ ಕಡಿಮೆಯಾಗುತ್ತದೆ, ಸುಮಾರು ಒಬ್ಬರಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ.

ರಾಣೆಬೆನ್ನೂರಿನ ಅಣ್ಣಾವರ ಕಳಕಳಿ ನನಗೆ ಅರ್ಥವಾಗುತ್ತದೆ, ಮಗುವಿನ ಪರವಾಗಿ ಹಿರಿಯರು ನಿಲ್ಲಲೇಬೇಕು. ಆದರೆ ನನ್ನ ಮಗಳ ವರ್ಗದಲ್ಲಿ ಒಬ್ಬ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಿದಾಗ ಅವಳನ್ನೂ ಎದ್ದು ನಿಲ್ಲಿಸಿದರು, ಮತ್ತೆ ನಲವತ್ತು ಜೊತೆ ಕಣ್ಣುಗಳು ಅವಳ ಮೇಲೆ ಬಿದ್ದವು. ಅವನು "ಸಾರಿ" ಎಂದ, ಅವಳು "ಇರಲಿ" ಎಂದು ಉತ್ತರಿಸಬೇಕಾಗಿತ್ತು, "ಇ" ಎನ್ನುವಲ್ಲೇ ಮಾತು ಕಟ್ಟಿತು. ಆ ಕ್ಷಮೆಯಿಂದ ಅವಳಿಗೆ ಏನೂ ಸಿಗಲಿಲ್ಲ. ನಿಜವಾಗಿ ಉಪಕಾರ ಮಾಡಿದವಳು ಅವಳ ಬೆಂಚಿನ ಗೆಳತಿ. ಅವಳು ಸುಮ್ಮನೆ ಕಾಯುತ್ತಾಳೆ. ಮಾತನ್ನು ತಾನು ಪೂರ್ತಿ ಮಾಡುವುದಿಲ್ಲ, "ಸಾವಕಾಶ ಹೇಳು" ಎನ್ನುವುದಿಲ್ಲ, ಬೇರೆ ಕಡೆ ಮುಖ ತಿರುಗಿಸುವುದಿಲ್ಲ. ಇಷ್ಟನ್ನು ಎಂಟು ವರ್ಷದ ಯಾವ ಮಗುವಾದರೂ ಕಲಿಯಬಹುದು. ನಿಮ್ಮ ಮಗನಿಗೆ "ಒಳ್ಳೆಯವನಾಗು" ಎಂದು ಹೇಳುವುದಕ್ಕಿಂತ "ಅವನ ಮಾತು ಮುಗಿಯುವ ತನಕ ಕಾಯಿ" ಎಂದು ಹೇಳಿ. ಆ ಮಾತನ್ನು ಪಾಲಿಸುವುದು ಹೇಗೆಂದು ಅವನಿಗೆ ತಿಳಿಯುತ್ತದೆ.

ಮಾನವ ಅಭಿವೃದ್ಧಿ ವಿಷಯದ ಉಪನ್ಯಾಸಕಿ:

ಮೈದುನನವರ ಹತ್ತು ರೂಪಾಯಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತೇನೆ, ಅದನ್ನು ಮಾಡಬೇಡಿ. ಜರ್ಮನಿಯ ಲೈಪ್ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರೊಬ್ಬರು ಕೈಜಾರಿ ಬೀಳಿಸಿದ ವಸ್ತುವನ್ನು ಹದಿನೆಂಟು ತಿಂಗಳ ಕೂಸುಗಳು ಯಾರೂ ಹೇಳದೆಯೇ ಎತ್ತಿಕೊಟ್ಟವು. ಎರಡೂ ಕೈ ತುಂಬ ಪತ್ರಿಕೆ ಹಿಡಿದು ಕಪಾಟಿನ ಬಾಗಿಲಿಗೆ ತಾಗುತ್ತಿದ್ದವರಿಗೆ ಬಾಗಿಲನ್ನೂ ತೆರೆದುಕೊಟ್ಟವು. ಅವರೇ 2008ರಲ್ಲಿ ಇಪ್ಪತ್ತು ತಿಂಗಳ ಮಕ್ಕಳೊಡನೆ ಇನ್ನೊಂದು ಪ್ರಯೋಗ ಮಾಡಿದಾಗ, ಸಹಾಯಕ್ಕೆ ಪ್ರತಿಯಾಗಿ ಆಟಕ್ಕೆ ಬೇಕಾದ ವಸ್ತುವನ್ನು ಪಡೆದ ಮಕ್ಕಳು, ಅದು ಸಿಗುವುದು ನಿಂತ ಮೇಲೆ, ಏನನ್ನೂ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು. ಮಗುವಿನಲ್ಲಿ ತಾನಾಗಿ ಇರುವ ಪ್ರವೃತ್ತಿಗೆ ಕೂಲಿ ಗೊತ್ತುಮಾಡಿದರೆ ಆ ಪ್ರವೃತ್ತಿ ಕುಂದುತ್ತದೆ. ಗುರುಗಳು ಹೇಳಿದ ದಾರಿಯನ್ನೇ, ಅಂದರೆ ನಿನ್ನ ಕೆಲಸದಿಂದ ಇನ್ನೊಬ್ಬರಿಗೆ ಏನಾಯಿತೆಂದು ಮಗುವಿಗೆ ಕಾಣಿಸುವುದನ್ನೇ, ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಹಾಫ್‌ಮನ್ ಅವರೂ ಹೊಡೆತ ಬೈಗುಳಗಳಿಗಿಂತ ಮೇಲೆಂದು ಪ್ರತಿಪಾದಿಸಿದ್ದಾರೆ.

ಆದರೆ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆಯದು. ಅಣಕಿಸಿದರೆ ಜನ ನಗುತ್ತಾರೆಂಬುದನ್ನು ಮಗು ಎಲ್ಲಿ ಕಲಿಯಿತು? ನಮ್ಮ ಕಡೆಯ ಮದುವೆ ಮನೆಗಳಲ್ಲಿ, ನಾಗರಪಂಚಮಿಗೆ ಎಲ್ಲರೂ ತವರಿಗೆ ಬಂದು ಕೂಡಿದಾಗ, ಮೂರು ವರ್ಷದ ಕೂಸನ್ನು ನಡುವೆ ನಿಲ್ಲಿಸಿ "ಆ ಮಾಮಾ ಹ್ಯಾಂಗ ಕುಂಟತಾನ, ತೋರಿಸು ನೋಡೋಣ" ಎನ್ನುತ್ತೇವೆ. ಕೂಸು ಕುಂಟಿ ತೋರಿಸಿದರೆ ಹಿರಿಯರೆಲ್ಲ ನಕ್ಕು, ಮುದ್ದಿಟ್ಟು, ಕೈಗೆ ಉಂಡಿ ಕೊಡುತ್ತೇವೆ. ಓಣಿಯಲ್ಲಿ ಇಬ್ಬರು ಒಂದೇ ಹೆಸರಿನವರಿದ್ದರೆ ಗುರುತಿಗೆಂದು ಒಬ್ಬರನ್ನು ಕಿವುಡ ಎಂದೋ ಕುಂಟ ಎಂದೋ ಕರೆಯುತ್ತೇವೆ, ಅದು ಅವರ ಮನೆಯ ವಿಳಾಸವೇ ಆಗಿಬಿಡುತ್ತದೆ. ಐದು ವರ್ಷ ಮನೆಯಲ್ಲಿ ಮೆಚ್ಚುಗೆ ಪಡೆದ ವಿದ್ಯೆಯನ್ನು ಮಗು ಶಾಲೆಯಲ್ಲಿ ತೋರಿಸಿದಾಗ ನಾವು ಬೆಚ್ಚಿಬೀಳುತ್ತೇವೆ. ಮಗುವಿಗೆ ಬುದ್ಧಿ ಹೇಳುವ ಮೊದಲು ಮನೆಯ ಹಿರಿಯರು ಕೂಡಿ ಇದನ್ನು ನಿಲ್ಲಿಸಲು ಒಪ್ಪಬೇಕು, ಇದು ಎಲ್ಲಕ್ಕಿಂತ ಕಷ್ಟದ ಕೆಲಸವೂ ಹೌದು.

ಎಲ್ಲರೆದುರು ನಿಲ್ಲಿಸುವ ಮಾತಿಗೆ ಇನ್ನೊಂದು ಸೇರಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಮಾಡುವುದನ್ನೂ ನಿಷೇಧಿಸಿದೆ. ತಪ್ಪು ಮಾಡಿದ ಮಗುವಿಗೂ ಆ ರಕ್ಷಣೆ ಉಂಟು. ನಾಚಿಕೆಯಿಂದ ಕುಗ್ಗಿದ ಮಗು ತನ್ನ ನೋವನ್ನೇ ನೆನೆಯುತ್ತದೆ, ಇನ್ನೊಬ್ಬರ ನೋವಿಗೆ ಅಲ್ಲಿ ಜಾಗ ಉಳಿಯುವುದಿಲ್ಲ.

ಹುಬ್ಬಳ್ಳಿಯ ತಾಯಿ:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಸಂಜೆ ಶೇಂಗಾ ಸುಲಿಯುತ್ತ ಗುರುಗಳು ಹೇಳಿದ ಹಾಗೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅಂವ ಪುಸ್ತಕದಾಗ ಮಾರಿ ಇಟ್ಕೊಂಡಿದ್ದ" ಎಂದ. ಉಪನ್ಯಾಸಕಿಯವರು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ತೋರಿಸಿದ್ದೇನೆ. ಧಾರವಾಡದ ಅಣ್ಣಾವರಿಗೆ ಒಂದು ಪ್ರಶ್ನೆ. ರವಿವಾರ ಮಗನನ್ನು ಕರೆದುಕೊಂಡು ಆ ಹುಡುಗನ ಮನೆಗೆ ಹೋಗಿ ಬರಬೇಕೆಂದಿದ್ದೇನೆ. ಅದು ಸರಿಯೇ?

ಧಾರವಾಡದ ತಂದೆ:

ಹೇಳದೆ ಹೋಗಬೇಡಿ. ಮೊದಲು ನೀವೊಬ್ಬರೇ ಆ ಮಗುವಿನ ತಾಯಿಗೆ ಫೋನ್ ಮಾಡಿ, ಅವರು ತಮ್ಮ ಮಗನನ್ನು ಕೇಳಲಿ. ಅವನು ಬೇಡವೆಂದರೆ ಅಲ್ಲಿಗೇ ಬಿಡಿ. ನಿಮ್ಮ ಮಗ ಕ್ಷಮೆ ಕೇಳಲು ಸಿದ್ಧನಾದ ಮಾತ್ರಕ್ಕೆ ಅದನ್ನು ಸ್ವೀಕರಿಸುವ ಸಾಲ ಆ ಹುಡುಗನ ಮೇಲಿಲ್ಲ. ಬರಲಿ ಎಂದರೆ ಉಡುಗೊರೆ ಬೇಡ, ಬಾಯಿಪಾಠ ಮಾಡಿಸಿದ ಮಾತೂ ಬೇಡ. ನಿಮ್ಮ ಮಗ ಒಂದೇ ವಾಕ್ಯದಲ್ಲಿ ಹೇಳಬೇಕಾದದ್ದನ್ನು ಹೇಳಿ ಮುಗಿಸಲಿ, ಆಮೇಲೆ ಇಬ್ಬರೂ ಕೇರಂ ಆಡಿಕೊಳ್ಳಲಿ. ದೊಡ್ಡವರು ಬೇರೆ ಕೋಣೆಯಲ್ಲಿ ಕೂಡ್ರಿ.

ಶಿಕ್ಷಕಿಯವರನ್ನೂ ಒಂದು ಮಾತು ಕೇಳಿ ನೋಡಿ. ಇನ್ನೊಬ್ಬರ ಜೊತೆ ಒಂದೇ ಧ್ವನಿಯಲ್ಲಿ ಓದುವಾಗ ಉಗ್ಗುವವರಲ್ಲಿ ಬಹುತೇಕರ ಮಾತು ಸರಾಗವಾಗುತ್ತದೆ, ನನ್ನ ಮಗಳು ಹಾಗೆ ಓದುವಾಗ ಒಂದು ಅಕ್ಷರವೂ ತಡೆಯುವುದಿಲ್ಲ. ಅವನೊಬ್ಬನನ್ನೇ ಬೇರೆ ಮಾಡದೆ, ಕೆಲವು ದಿನ ಇಡೀ ವರ್ಗದ ಮಕ್ಕಳೆಲ್ಲ ಇಬ್ಬಿಬ್ಬರಾಗಿ ಕೂಡಿ ಓದುವ ಏರ್ಪಾಟು ಮಾಡಬಹುದೇ ಎಂದು ವಿಚಾರಿಸಿ. ಜೊತೆಗಾರನನ್ನು ಆರಿಸಿಕೊಳ್ಳುವುದನ್ನು ಆ ಹುಡುಗನಿಗೇ ಬಿಡಿ. ಅವನು ನಿಮ್ಮ ಮಗನನ್ನೇ ಕರೆದರೆ, ಅವನು ಓದಿದಷ್ಟೇ ವೇಗದಲ್ಲಿ ಓದಬೇಕು, ಮುಂದೆ ಓಡಬಾರದು ಎಂದು ಮನೆಯಲ್ಲೇ ನೀವಿಬ್ಬರೂ ಕೂಡಿ ಓದಿ ರೂಢಿ ಮಾಡಿಸಿ ಕಳುಹಿಸಿ.