ಹೊಸ ರೂಪ ಕೊಟ್ಟ ಬಾಕ್ಸ್‌ಕಾರ್ ತಿರುವಿನಲ್ಲಿ ಹಳಿ ತಪ್ಪುತ್ತಿದೆ

ಪ್ರಶ್ನೆ:
ಅಗ್ಗದ ಆಟಿಕೆ ರೈಲು ಸೆಟ್ಟಿನಲ್ಲಿ ಬಂದಿದ್ದ, 40 ಅಡಿ ಬಾಕ್ಸ್‌ಕಾರ್‌ನ (ಮುಚ್ಚಿದ ಸರಕು ವ್ಯಾಗನ್) ಎಚ್‌ಒ ಅಳತೆಯ (ಅಸಲಿನ 87ರಲ್ಲಿ ಒಂದು ಪಾಲು) ಮಾದರಿಯೊಂದನ್ನು 1950ರ ದಶಕದ ಅಮೆರಿಕದ ಗೂಡ್ಸ್ ವ್ಯಾಗನ್‌ನಂತೆ ಮಾಡಲು ಎರಡು ತಿಂಗಳಿಂದ ಕುಳಿತಿದ್ದೇನೆ. ಅಚ್ಚಿನಲ್ಲೇ ಮೂಡಿದ್ದ ದಪ್ಪ ಹಿಡಿಕೆಗಳನ್ನು ಕೆತ್ತಿ ತೆಗೆದು, 0.3 ಮಿ.ಮೀ. ಹಿತ್ತಾಳೆ ತಂತಿ ಬಗ್ಗಿಸಿ ಹೊಸ ಹಿಡಿಕೆ ಕೂರಿಸಿದೆ. ಟ್ರಕ್‌ಗೆ (ನಾಲ್ಕು ಚಕ್ರಗಳ ಚೌಕಟ್ಟು) ಸೇರಿಕೊಂಡಿದ್ದ ಕಪ್ಲರ್‌ಗಳನ್ನು (ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿ) ಕತ್ತರಿಸಿ, ಕೇಡಿ (Kadee) ಕಂಪನಿಯ 5ನೇ ನಂಬರಿನ ಕಪ್ಲರ್‌ಗಳನ್ನು ಒಡಲಿಗೇ ಜೋಡಿಸಿದೆ. ಒಡಲನ್ನು ಒಂದು ಮಿ.ಮೀ. ಕೆಳಗೂ ಇಳಿಸಿದೆ. ನೋಡಿದರೆ ಕಣ್ಣು ತುಂಬುತ್ತದೆ. ಆದರೆ 18 ಅಂಗುಲ ತ್ರಿಜ್ಯದ ತಿರುವಿಗೆ ಬಂದೊಡನೆ ಮುಂದಿನ ಚಕ್ರ ಹಳಿಯ ಮೇಲೆ ಹತ್ತಿಬಿಡುತ್ತದೆ. ಬೇರೆ ವ್ಯಾಗನ್‌ಗಳು ಅಲ್ಲೇ ಸಲೀಸಾಗಿ ಸಾಗುತ್ತವೆ.

ಉತ್ತರ:
ಬೇರೆಯವು ಸಾಗುತ್ತವೆ ಎಂದರೆ ಹಳಿಯನ್ನು ಬಿಡಿ, ವ್ಯಾಗನ್ನಿನ ತಳ ನೋಡಿ. ಒಡಲು ಇಳಿಸಿದ್ದೀರಿ ಎಂದಾಗಲೇ ನನಗೆ ಅನುಮಾನ ಬಂತು. ಟ್ರಕ್ ತಿರುಗುವಾಗ ಚಕ್ರದ ಅಂಚು ತಳಕ್ಕೋ ಕಪ್ಲರ್ ಪೆಟ್ಟಿಗೆಗೋ ತಗಲುತ್ತಿರಬೇಕು. ತಳಕ್ಕೆಲ್ಲ ಕಪ್ಪು ಮಾರ್ಕರ್ ಬಳಿದು, ಆ ತಿರುವಿನಲ್ಲಿ ಕೈಯಿಂದಲೇ ಹತ್ತು ಸಲ ತಳ್ಳಿ. ಬಣ್ಣ ಕಿತ್ತುಹೋದ ಜಾಗವನ್ನು ಅರದಿಂದ ಉಜ್ಜಿ.

ಆಮೇಲೆ ಸ್ಕ್ರೂ. ಎರಡು ಟ್ರಕ್‌ಗಳನ್ನೂ ಬಿಗಿದಿದ್ದರೆ ವ್ಯಾಗನ್ ನಾಲ್ಕು ಕಾಲಿನ ಮೇಜಿನಂತೆ ಆಗುತ್ತದೆ. ನೆಲ ತುಸು ಏರುಪೇರಾದರೂ ಒಂದು ಕಾಲು ಮೇಲೇಳುತ್ತದೆ. ಮೂರು ಕಾಲಿನ ಮಣೆಗೆ ಆ ತೊಂದರೆಯಿಲ್ಲ. ಆದ್ದರಿಂದ ಒಂದು ಟ್ರಕ್ ಎಡಬಲ ತಿರುಗುವಷ್ಟು ಮಾತ್ರ ಸಡಿಲವಿರಲಿ, ಪಕ್ಕಕ್ಕೆ ವಾಲಬಾರದು. ಇನ್ನೊಂದು ಎಲ್ಲ ಕಡೆಗೂ ಓಲಾಡಲಿ.

ತೂಕ ಎಷ್ಟಿದೆ? ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ ಶಿಫಾರಸಿನಂತೆ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್ ಇರಬೇಕು. ನಿಮ್ಮ ಐದೂವರೆ ಅಂಗುಲಕ್ಕೆ ಸುಮಾರು 106 ಗ್ರಾಂ.

ನೀವು ಹಾಕಿದ ಚಿತ್ರದಲ್ಲಿ ಚಾವಣಿಯ ನಡೆಹಲಗೆ ಕಾಣಲಿಲ್ಲ. ತೆಗೆದಿದ್ದರೆ ಮತ್ತೆ ಹಾಕಿ, ದಯವಿಟ್ಟು. ಅದಿಲ್ಲದ ಬಾಕ್ಸ್‌ಕಾರ್‌ಗಳು ಸಾಮಾನ್ಯವಾದದ್ದು 1966ರ ನಂತರ. ನಿಮ್ಮ ಕಾಲಕ್ಕೆ ಅದು ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಮಾರ್ಕರ್ ಗುಟ್ಟು ಬಿಟ್ಟುಕೊಟ್ಟಿತು! ಕಪ್ಲರ್ ಪೆಟ್ಟಿಗೆಯ ಹಿಂಬದಿಯ ಮೂಲೆಯಲ್ಲಿ ಬಿಲ್ಲಿನಾಕಾರದ ಗೀರು ಬಿದ್ದಿತ್ತು, ಉಜ್ಜಿದೆ. ತೂಕ 68 ಗ್ರಾಂ ಮಾತ್ರ ಇತ್ತು. ಬಾಗಿಲಿನ ನೇರಕ್ಕೆ ನಟ್ಟುಗಳನ್ನು ಒಳಗೆ ಅಂಟಿಸಿ 105ಕ್ಕೆ ತಂದೆ. ಇಪ್ಪತ್ತು ಸುತ್ತು ಓಡಿತು, ಒಮ್ಮೆಯೂ ತಪ್ಪಲಿಲ್ಲ. ನಡೆಹಲಗೆಯನ್ನು ತೆಳುವಾದ ಸ್ಟೈರೀನ್ (ಒಂದು ಬಗೆಯ ಪ್ಲಾಸ್ಟಿಕ್) ಪಟ್ಟಿಯಲ್ಲಿ ಮತ್ತೆ ಮಾಡುತ್ತಿದ್ದೇನೆ. ಇನ್ನೊಂದು ತೊಡಕು: ಟ್ರಕ್‌ಗೆ ಬ್ರೇಕ್ ಬೀಮ್ (ಬ್ರೇಕಿನ ಅಡ್ಡಪಟ್ಟಿ) ಅಂಟಿಸಿದರೆ ಒಣಗಿದ ಮೇಲೆ ಉದುರುತ್ತದೆ. ಒಡಲಿಗೆ ಅದೇ ಅಂಟು ಗಟ್ಟಿಯಾಗಿ ಹಿಡಿಯುತ್ತದೆ.

ಉತ್ತರ:
ಒಡಲು ಸ್ಟೈರೀನ್, ಟ್ರಕ್ ಬಹುಶಃ ಅಸಿಟಾಲ್. ಸ್ಟೈರೀನನ್ನು ಕರಗಿಸಿ ಬೆಸೆಯುವ ಅಂಟು ಆ ನುಣುಪು ಪ್ಲಾಸ್ಟಿಕ್ಕನ್ನು ಕರಗಿಸುವುದೇ ಇಲ್ಲ. ಸಣ್ಣ ತೂತು ಕೊರೆದು, ತಂತಿಯ ಮೊಳೆ ತೂರಿಸಿ ಬೀಮನ್ನು ಅದರ ಮೇಲೆ ನಿಲ್ಲಿಸಿ. ಅಂಟು ತೂತಿನೊಳಗೆ ಒಂದು ಹನಿ ಸಾಕು. ಕೂರಿಸಿದ ಮೇಲೆ ಚಕ್ರಕ್ಕೆ ತಗಲುತ್ತದೆಯೇ ಎಂದು ಅದೇ ಮಾರ್ಕರಿನಿಂದ ಇನ್ನೊಮ್ಮೆ ನೋಡಿ.